ತಡವಾಗಿ ಬಂದ ಮತಕ್ಕೆ ಬೆಲೆ ಎಷ್ಟು?

ಮತ ಹಾಕಿ ಹೊರಗೆ ಬಂದವರ ಎಡಗೈ ತೋರುಬೆರಳಿಗೆ ಶಾಯಿ ಇರುವುದು ಎಲ್ಲರೂ ನೋಡಿದ್ದೇ. ಅಪರೂಪಕ್ಕೆ ಒಬ್ಬರ ನಡುಬೆರಳಿಗೂ ಅದೇ ಶಾಯಿ ಬಿದ್ದಿರುತ್ತದೆ. ಗಡಿಯಲ್ಲಿರುವ ಯೋಧ ತನ್ನ ಮತ ಹಾಕುವ ಕೆಲಸವನ್ನು ಊರಲ್ಲಿರುವ ತಾಯಿಗೋ ತಮ್ಮನಿಗೋ ಒಪ್ಪಿಸಿದ್ದರೆ, ಅವರು ತಮ್ಮ ಮತಕ್ಕೆ ತೋರುಬೆರಳನ್ನೂ ಅವನ ಮತಕ್ಕೆ ನಡುಬೆರಳನ್ನೂ ಚಾಚಬೇಕು. 2003ರಲ್ಲಿ ಬಂದ ತಿದ್ದುಪಡಿಯಿಂದ ಸೈನಿಕರಿಗೆ ಈ ಅವಕಾಶ ಸಿಕ್ಕಿದೆ. 13ಎಫ್ ನಮೂನೆಯಲ್ಲಿ ಬದಲಿ ವ್ಯಕ್ತಿಯ ಹೆಸರು ಬರೆದು, ಕಮಾಂಡಿಂಗ್ ಆಫೀಸರ್ ಎದುರು ಸಹಿ ಮಾಡಿ ಚುನಾವಣಾಧಿಕಾರಿಗೆ ಕಳಿಸಿದರೆ ಸಾಕು. ಬದಲಿಯಾದವರು ಅದೇ ಕ್ಷೇತ್ರದ ನಿವಾಸಿಯಾಗಿರಬೇಕು, 18 ವರ್ಷ ತುಂಬಿರಬೇಕು.

ಒಬ್ಬರ ಮನಸ್ಸಿನ ನಿರ್ಧಾರವನ್ನು ಇನ್ನೊಬ್ಬರ ಕೈ ನೆರವೇರಿಸಬಹುದೆ? ಕಾನೂನು ಹೌದು ಎನ್ನುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಂದಿಗೆ ಈ ಪ್ರಶ್ನೆ ಹೊಸದಲ್ಲ, ಅದನ್ನು ಅವರು ಮೊದಲು ಕೇಳಿಕೊಂಡದ್ದು ದೇವರ ಮುಂದೆ. ಮಗ ಮಿಲಿಟರಿಗೆ ಹೋದ ಮನೆಯಲ್ಲಿ ಅವನ ಹೆಸರಿನಲ್ಲಿ ಸವದತ್ತಿ ಎಲ್ಲಮ್ಮನಿಗೆ ಉಡಿ ತುಂಬುತ್ತಾರೆ, ಚಿಂಚಲಿ ಮಾಯಕ್ಕನಿಗೆ ಹರಕೆ ಹೊರುತ್ತಾರೆ. ಮಗ ಲೇಹ್‌ನಲ್ಲಿರಲಿ, ತವಾಂಗ್‌ನಲ್ಲಿರಲಿ, ಅವ್ವ ಹೊತ್ತ ಹರಕೆ ಅವನಿಗೇ ಸಲ್ಲುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ಇದೇ ಸೀಮೆಯಲ್ಲಿ ಇನ್ನೊಂದು ದಾರಿಯೂ ಬೇರುಬಿಟ್ಟಿದೆ. ನಿಡಸೋಸಿಯ ದುರದುಂಡೀಶ್ವರ ಮಠದಂಥ ಮಠಗಳ ಭಕ್ತರ ಅಂಗೈಯಲ್ಲಿ ಇಷ್ಟಲಿಂಗವಿದೆ. ಅದರ ಪೂಜೆಯನ್ನು ಮತ್ತೊಬ್ಬರಿಂದ ಮಾಡಿಸಬಾರದು ಎಂದು ಬಸವಣ್ಣನವರು ನಿಷ್ಠುರವಾಗಿ ಹೇಳಿದ್ದಾರೆ. ಭಕ್ತ ಎಲ್ಲಿಗೆ ಹೋದರೂ ದೇವರು ಅವನ ಮೈಮೇಲೆಯೇ ಇರುತ್ತಾನೆ. ದೂರದಲ್ಲಿದ್ದೇನೆ ಎಂಬ ನೆವ ಅಲ್ಲಿ ನಡೆಯದು, ಬದಲಿ ಪೂಜಾರಿಯೂ ಬೇಕಿಲ್ಲ.

ಮತದಾನದ ವಿಷಯದಲ್ಲಿ ಈ ಎರಡನೆಯ ದಾರಿಯೇ ನ್ಯಾಯಕ್ಕೆ ಹತ್ತಿರ. ತಾಯಿಯ ಮೇಲೆ ಮಗನಿಗೆ ನಂಬಿಕೆ ಇರಬಹುದು. ಆದರೆ ಮತ ಗುಟ್ಟಾಗಿರಬೇಕೆಂದು ಕಾನೂನು ಹೇಳುವುದು ತಾಯಿಯಿಂದಲೂ ಗುಟ್ಟಾಗಿರಲಿ ಎಂದೇ. ಒಂದೇ ಮನೆಯಲ್ಲಿ ಅಪ್ಪ ಒಂದು ಪಕ್ಷ, ಮಗ ಇನ್ನೊಂದು ಪಕ್ಷ ಎನ್ನುವುದು ಬೆಳಗಾವಿ ಜಿಲ್ಲೆಯಲ್ಲಿ ತೀರ ಸಾಮಾನ್ಯ. ಬದಲಿ ವ್ಯಕ್ತಿ ಯಂತ್ರದ ಮುಂದೆ ಯಾವ ಗುಂಡಿ ಒತ್ತಿದರೆಂದು ಯೋಧನಿಗೆ ಎಂದೂ ತಿಳಿಯದು. ತಿಳಿದರೂ ಅದನ್ನು ಪ್ರಶ್ನಿಸಲು ಯಾವ ನ್ಯಾಯಾಲಯವೂ ಇಲ್ಲ.

ಅದಕ್ಕೇ ಬಹುಪಾಲು ಯೋಧರು ಅಂಚೆ ಮತವನ್ನು ಆರಿಸಿಕೊಳ್ಳುತ್ತಾರೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮು ಸೇನೆಯವರ ಬಗ್ಗೆ ಒಂದು ವಿಶೇಷ ಮಾತು ಹೇಳುತ್ತದೆ: ಸೇವೆಯಲ್ಲಿ ಇರದಿದ್ದರೆ ಈತ ಎಲ್ಲಿ ವಾಸವಾಗಿರುತ್ತಿದ್ದನೋ ಅಲ್ಲೇ ಇದ್ದಾನೆಂದು ಭಾವಿಸಬೇಕು. ಕೊಣ್ಣೂರಿನ ಹುಡುಗ ಸಿಯಾಚಿನ್‌ನ ಹಿಮದಲ್ಲಿ ಕಾವಲು ನಿಂತಿದ್ದರೂ ಕಾನೂನಿನ ಕಣ್ಣಿಗೆ ಅವನು ಕೊಣ್ಣೂರಿನಲ್ಲಿಯೇ ಇದ್ದಾನೆ. ಸೇನೆ, ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳು, ರಾಜ್ಯದ ಹೊರಗೆ ಕರ್ತವ್ಯದಲ್ಲಿರುವ ಸಶಸ್ತ್ರ ಪೊಲೀಸರು, ವಿದೇಶದ ರಾಯಭಾರ ಕಚೇರಿಗಳ ಸರ್ಕಾರಿ ನೌಕರರು, ಇವರೆಲ್ಲ ಸೇವಾ ಮತದಾರರು. ಜೊತೆಗಿರುವ ಹೆಂಡತಿಗೂ ಆ ಸೌಲಭ್ಯವಿತ್ತು, ಆದರೆ ಮಹಿಳಾ ಅಧಿಕಾರಿಯ ಗಂಡನಿಗೆ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಪದವನ್ನು ಬದಲಿಸಿ ಗಂಡ-ಹೆಂಡತಿ ಇಬ್ಬರಿಗೂ ಅನ್ವಯಿಸುವಂತೆ ಮಾಡಿತು. ಎಪ್ಪತ್ತು ವರ್ಷ ಬೇಕಾಯಿತು.

ಮೊದಲು ಮತಪತ್ರ ಹೋಗುವುದೂ ಬರುವುದೂ ಅಂಚೆಯಲ್ಲೇ. 2016ರ ಅಕ್ಟೋಬರ್‌ನಲ್ಲಿ ನಿಯಮ ಬದಲಾಯಿತು, ಮುಂದಿನ ತಿಂಗಳೇ ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ ಹೊಸ ಪದ್ಧತಿ ಜಾರಿಗೆ ಬಂತು. ಈಗ ಮತಪತ್ರ ಕಂಪ್ಯೂಟರ್ ಮೂಲಕ ಯೋಧನಿಗೆ ತಲುಪುತ್ತದೆ. ಅವನು ಅದನ್ನು ಇಳಿಸಿಕೊಂಡು, ಮುದ್ರಿಸಿ, ಗುರುತು ಹಾಕಿ ಒಳ ಲಕೋಟೆಗೆ ಸೇರಿಸಬೇಕು. 13ಎ ನಮೂನೆಯ ಘೋಷಣೆಗೆ ಸಹಿ ಮಾಡಿ ಅಧಿಕಾರಿಯಿಂದ ದೃಢೀಕರಿಸಿಕೊಂಡು, ಎರಡನ್ನೂ ಹೊರ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬೇಕು. ಅಂಚೆಚೀಟಿ ಬೇಡ. ಎಣಿಕೆಯ ದಿನ ಅಧಿಕಾರಿಗಳು ಹೊರ ಲಕೋಟೆಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಘೋಷಣೆ ನೋಡಿ, ಆಮೇಲೆ ಒಳಗಿನದನ್ನು ತೆಗೆಯುತ್ತಾರೆ. ಘೋಷಣೆಯಲ್ಲಿ ಸಹಿ ಇಲ್ಲವೇ ದೃಢೀಕರಣ ಇಲ್ಲವೆಂದರೆ ಒಳ ಲಕೋಟೆ ತೆರೆಯದೆಯೇ ತಿರಸ್ಕೃತ. ಎಣಿಕೆ ಆರಂಭವಾಗುವ ಹೊತ್ತಿಗೆ, ಅಂದರೆ ಸಾಮಾನ್ಯವಾಗಿ ಬೆಳಿಗ್ಗೆ 8 ಗಂಟೆಗೆ ಮುಂಚೆ, ಲಕೋಟೆ ಬಂದಿರಲೇಬೇಕು. ಹೋಗುವ ದಾರಿ ಕ್ಷಣದಲ್ಲಿ ಮುಗಿಯುತ್ತದೆ. ಬರುವ ದಾರಿ ಮಾತ್ರ ಇಂದಿಗೂ ಅಂಚೆಯಣ್ಣನ ಚೀಲದ್ದೇ.

ಎಷ್ಟು ದಿನ ಸಿಗುತ್ತದೆ ಎಂಬುದನ್ನು ಈ ಸೀಮೆಯ ಚುನಾವಣೆಗಳಲ್ಲೇ ಲೆಕ್ಕ ಹಾಕಬಹುದು. ನಾಮಪತ್ರ ಹಿಂತೆಗೆಯುವ ಗಡುವು ಮುಗಿದು ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೆಯೇ ಮತಪತ್ರ ಸಿದ್ಧವಾಗುವುದು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಮತ್ತು ಚಿಕ್ಕೋಡಿ ಕ್ಷೇತ್ರಗಳಿಗೆ ಆ ದಿನ ಏಪ್ರಿಲ್ 22, ಎಣಿಕೆ ಜೂನ್ 4. ಆರು ವಾರ ಸಿಕ್ಕಿತು. ದೇಶದ ಚುನಾವಣೆ ಹಲವು ಹಂತಗಳಲ್ಲಿ ನಡೆದದ್ದರಿಂದ ತಾನಾಗಿ ಒದಗಿದ ಸಮಯ ಅದು. 2023ರ ವಿಧಾನಸಭಾ ಚುನಾವಣೆಯಲ್ಲಿ ಏಪ್ರಿಲ್ 24ಕ್ಕೆ ಪಟ್ಟಿ ಅಂತಿಮ, ಮೇ 13ಕ್ಕೆ ಎಣಿಕೆ: 19 ದಿನ. 2019ರ ಗೋಕಾಕ ಉಪಚುನಾವಣೆಯಲ್ಲಿ ನವೆಂಬರ್ 21ರಿಂದ ಡಿಸೆಂಬರ್ 9ರವರೆಗೆ, 18 ದಿನ. ಡಿಸೆಂಬರ್‌ನಲ್ಲಿ ಲಡಾಖ್‌ನ ಮುಂಚೂಣಿ ಠಾಣೆಯಿಂದ ಹೆಲಿಕಾಪ್ಟರ್ ಹಾರುವುದು ಹವಾಮಾನ ಒಪ್ಪಿದರೆ ಮಾತ್ರ. ಅಲ್ಲಿ ಮುದ್ರಿಸಿದ ಮತಪತ್ರ ಘಟಪ್ರಭೆಯ ದಂಡೆಗೆ ಆ 18 ದಿನದಲ್ಲಿ ಬಂದು ಸೇರಬೇಕಿತ್ತು.

ಸೇರದಿದ್ದರೆ ಏನು ಪರಿಹಾರ? ಯೋಧ ಯಾರ ಬಾಗಿಲು ಬಡಿಯಬೇಕು?

ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದ್ದರೆ ದಾರಿ ಸ್ಪಷ್ಟವಿದೆ. ನೋಂದಣಾಧಿಕಾರಿಯ ಆದೇಶದ ವಿರುದ್ಧ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಸಿವಿಲ್ ಕೋರ್ಟಿಗೆ ಮಾತ್ರ ಈ ವಿಷಯದಲ್ಲಿ ಪ್ರವೇಶವಿಲ್ಲ. ಕಷ್ಟವಿರುವುದು ಹೆಸರಿದ್ದೂ ಮತ ತಲುಪದವರದ್ದು. ಚುನಾವಣೆಯ ಪ್ರಕ್ರಿಯೆ ಶುರುವಾದ ಮೇಲೆ ನ್ಯಾಯಾಲಯ ನಡುವೆ ಬರಬಾರದು ಎಂದು ಸಂವಿಧಾನದ 329(ಬಿ) ವಿಧಿ ತಡೆ ಹಾಕಿದೆ. 1952ರಲ್ಲಿ ಪೊನ್ನುಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಗಟ್ಟಿಗೊಳಿಸಿತು. ಚುನಾವಣೆ ಮುಗಿದು ಫಲಿತಾಂಶ ಬಂದ ಮೇಲೆ 45 ದಿನದೊಳಗೆ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಬಹುದು. ಅಭ್ಯರ್ಥಿಯೇ ಆಗಬೇಕೆಂದಿಲ್ಲ, ಯಾವ ಮತದಾರನೂ ಹಾಕಬಹುದು, ಠೇವಣಿ 2,000 ರೂಪಾಯಿ. ಓದಲು ಉದಾರವಾಗಿಯೇ ಇದೆ. ಆದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 100ನೇ ಕಲಮಿನಲ್ಲಿ ಒಂದು ಷರತ್ತಿದೆ. ಮತವನ್ನು ತಪ್ಪಾಗಿ ತಿರಸ್ಕರಿಸಿದ್ದಾರೆ ಎಂದು ಸಾಬೀತಾದರೆ ಸಾಲದು, ಅದರಿಂದ ಗೆದ್ದವರ ಫಲಿತಾಂಶದ ಮೇಲೆ ನಿಜವಾದ ಪರಿಣಾಮ ಆಗಿದೆ ಎಂದೂ ಸಾಬೀತಾಗಬೇಕು.

ಹೀಗಾದಾಗ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಯೇ ಉದಾಹರಣೆ. ಹುಕ್ಕೇರಿ, ಯಮಕನಮರಡಿ ವಿಧಾನಸಭಾ ಕ್ಷೇತ್ರಗಳು ಚಿಕ್ಕೋಡಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಗೋಕಾಕ, ಮತ್ತು ಮೂಡಲಗಿ ಇರುವ ಅರಭಾವಿ, ಬೆಳಗಾವಿಗೆ ಸೇರಿವೆ. 2014ರಲ್ಲಿ ಚಿಕ್ಕೋಡಿಯಲ್ಲಿ ಪ್ರಕಾಶ ಹುಕ್ಕೇರಿ ಅವರು ರಮೇಶ ಕತ್ತಿ ಅವರನ್ನು ಸೋಲಿಸಿದ್ದು ಕೇವಲ 3,003 ಮತಗಳಿಂದ. ಸುರೇಶ ಅಂಗಡಿ ಅವರ ನಿಧನದಿಂದ ತೆರವಾದ ಬೆಳಗಾವಿಗೆ 2021ರಲ್ಲಿ ಉಪಚುನಾವಣೆ ನಡೆದಾಗ ಮಂಗಲಾ ಅಂಗಡಿ ಅವರು ಸತೀಶ ಜಾರಕಿಹೊಳಿ ಅವರ ವಿರುದ್ಧ ಗೆದ್ದದ್ದು 5,240 ಮತಗಳಿಂದ. 2019ರ ಗೋಕಾಕ ಉಪಚುನಾವಣೆಯಲ್ಲಿ ರಮೇಶ ಜಾರಕಿಹೊಳಿ ಅವರ ಗೆಲುವಿನ ಅಂತರ ಸುಮಾರು 29 ಸಾವಿರ. ಮೂರೂ ಸಲ ಒಂದೇ ಬಗೆಯ ತಪ್ಪಿನಿಂದ ಕೆಲವು ನೂರು ಯೋಧರ ಮತ ಕಸದ ಬುಟ್ಟಿಗೆ ಹೋಗಿದ್ದರೆ? ಗೋಕಾಕದ ಯೋಧನ ಅರ್ಜಿ ಮೊದಲ ದಿನವೇ ಬಿದ್ದುಹೋಗುತ್ತದೆ. ಚಿಕ್ಕೋಡಿಯದೂ ಉಳಿಯುವುದು ಅನುಮಾನ, ಯಾಕೆಂದರೆ ಮೂರು ಸಾವಿರ ದಾಟಬೇಕು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಒಂದೇ ಒಂದು ಮತದಿಂದ ಸೋಲಿಸಿದರು. ಅಂಥ ಕಡೆಯಾದರೆ ಒಬ್ಬನೇ ಯೋಧನ ಲಕೋಟೆಗೂ ಹೈಕೋರ್ಟ್ ಕಿವಿಗೊಡುತ್ತದೆ.

ಅಂದರೆ ಯೋಧನಿಗೆ ಆದ ಅನ್ಯಾಯ ಎಷ್ಟು ದೊಡ್ಡದು ಎಂಬುದನ್ನು ತೀರ್ಮಾನಿಸುವುದು ಅವನಿಗೆ ಏನಾಯಿತು ಎಂಬುದಲ್ಲ. ಅವನಿಗೆ ಪರಿಚಯವೇ ಇಲ್ಲದ ಇಬ್ಬರು ಅಭ್ಯರ್ಥಿಗಳ ನಡುವಿನ ಅಂತರ ಅದನ್ನು ತೀರ್ಮಾನಿಸುತ್ತದೆ. ಚುನಾವಣಾ ಆಯೋಗದ ಸೂಚನೆಯೂ ಇದೇ ಜಾಡಿನಲ್ಲಿದೆ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆ ಇದ್ದರೆ ಆ ಮತಗಳನ್ನು ಮತ್ತೆ ಪರಿಶೀಲಿಸುವುದು ಕಡ್ಡಾಯ, ಹೆಚ್ಚಿದ್ದರೆ ಇಲ್ಲ. 2023ರ ಮೇ 13ರ ರಾತ್ರಿ ಬೆಂಗಳೂರಿನ ಜಯನಗರದಲ್ಲಿ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರೆದುರು 16 ಮತಗಳಿಂದ ಗೆದ್ದಾಗ ವಿವಾದವೆಲ್ಲ ಸುತ್ತಿಕೊಂಡಿದ್ದು ಮೊದಲು ತಿರಸ್ಕೃತವಾಗಿದ್ದ ಅಂಚೆ ಮತಗಳನ್ನೇ. ಅಂದು ಒಂದೊಂದು ಲಕೋಟೆಗೂ ಎರಡೂ ಪಕ್ಷದವರು ಹೋರಾಡಿದರು. ಅದೇ ದಿನ ಅಂತರ ದೊಡ್ಡದಿದ್ದ ಕ್ಷೇತ್ರಗಳಲ್ಲಿ ತಿರಸ್ಕೃತವಾದ ಅಂಥದೇ ಲಕೋಟೆಗಳನ್ನು ಕೇಳುವವರಿರಲಿಲ್ಲ.

ಇದಕ್ಕೊಂದು ಸಮರ್ಥನೆ ಇಲ್ಲದಿಲ್ಲ. ಲಕ್ಷಾಂತರ ಜನರ ತೀರ್ಪನ್ನು ಎಲ್ಲೋ ನಡೆದ ಸಣ್ಣ ಲೋಪಕ್ಕಾಗಿ ಬುಡಮೇಲು ಮಾಡಬಾರದು. ಮತ ಹಾಕಿದ ಉಳಿದವರಿಗೂ ನ್ಯಾಯವಿದೆ. ಹಾಗಾಗಿ ಫಲಿತಾಂಶವನ್ನು ರದ್ದು ಮಾಡಲು ಪರಿಣಾಮದ ಪರೀಕ್ಷೆ ಇರಲಿ, ತಪ್ಪಿಲ್ಲ. ಆದರೆ ಫಲಿತಾಂಶ ರದ್ದಾಗುವುದನ್ನು ಬಿಟ್ಟು ಬೇರೆ ಪರಿಹಾರವೇ ಇಲ್ಲದಿರುವುದು ಬೇರೆ ಮಾತು. ಯೋಧ ಕೇಳುವುದು ಮರುಚುನಾವಣೆಯನ್ನಲ್ಲ. ನನ್ನ ಮತ ನನ್ನ ತಪ್ಪಿಲ್ಲದೆ ಎಣಿಕೆಯಾಗಲಿಲ್ಲ, ಅದು ತಪ್ಪು ಎಂದು ಯಾರಾದರೂ ಹೇಳಿ, ಮುಂದಿನ ಸಲ ಆಗದಂತೆ ನೋಡಿಕೊಳ್ಳಿ ಎಂಬುದಷ್ಟೇ ಅವನ ಬೇಡಿಕೆ. ಅಷ್ಟನ್ನು ಹೇಳುವ ಪೀಠ ನಮ್ಮ ಚುನಾವಣಾ ಕಾನೂನಿನಲ್ಲಿ ಇಲ್ಲ.

ಸಮಸ್ಯೆಯ ಬೇರು ಮತ ಎಂದರೇನು ಎಂಬ ತಿಳಿವಳಿಕೆಯಲ್ಲಿದೆ. 1982ರ ಜ್ಯೋತಿ ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತದಾನ ಮೂಲಭೂತ ಹಕ್ಕಲ್ಲ, ಕಾಯ್ದೆ ಕೊಟ್ಟ ಹಕ್ಕು ಎಂದಿತು. ಕಾಯ್ದೆ ಕೊಟ್ಟದ್ದನ್ನು ಕಾಯ್ದೆ ಹೇಳಿದಷ್ಟೇ ಪಡೆಯಬೇಕು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಚಿಂತಕ ಜಾನ್ ಸ್ಟೂಅರ್ಟ್ ಮಿಲ್‌ಗೆ ಮತವೆಂದರೆ ಸಮಾಜ ಒಪ್ಪಿಸಿದ ಹೊಣೆ, ಅದಕ್ಕೇ ಅವರು ಗುಟ್ಟಿನ ಮತದಾನವನ್ನೂ ವಿರೋಧಿಸಿದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮುಂದಿಟ್ಟದ್ದು ಮೂರನೆಯ ಬಗೆ. ಒಬ್ಬೊಬ್ಬರಿಗೂ ಒಂದು ಮತ, ಆ ಮತಕ್ಕೆ ಒಂದೇ ಬೆಲೆ ಎಂಬುದನ್ನು ರಾಜಕೀಯದಲ್ಲಿ ಒಪ್ಪುವ ನಾವು ಸಾಮಾಜಿಕ ಬದುಕಿನಲ್ಲಿ ಒಪ್ಪದೆ ಹೋದರೆ ವೈರುಧ್ಯದಲ್ಲಿ ಬಾಳಬೇಕಾಗುತ್ತದೆ ಎಂದು ಅವರು ಎಚ್ಚರಿಸಿದ್ದರು. ರಾಜಕೀಯದ ಸಮಾನತೆಯಾದರೂ ಕೈಗೆ ಸಿಕ್ಕಿದೆ ಎಂಬುದು ಆ ಮಾತಿನ ಆಧಾರ. 3,003ರ ಅಂತರದ ಕ್ಷೇತ್ರದಲ್ಲಿ ಒಂದು ಬೆಲೆ, 29 ಸಾವಿರದ ಅಂತರದ ಕ್ಷೇತ್ರದಲ್ಲಿ ಇನ್ನೊಂದು ಬೆಲೆ ಎಂದಾದರೆ ಆ ಆಧಾರವೇ ಸಡಿಲವಾಗುತ್ತದೆ.

ಸುಪ್ರೀಂ ಕೋರ್ಟ್ ಒಂದು ಸಲ ಈ ಗಂಟನ್ನು ತಾನೇ ಬಿಚ್ಚಿದೆ. 2013ರ ಸೆಪ್ಟೆಂಬರ್ 27ರಂದು ಪಿಯುಸಿಎಲ್ ಪ್ರಕರಣದಲ್ಲಿ ಅದು ನೋಟಾ ಗುಂಡಿಗೆ ಆದೇಶ ನೀಡಿತು. ನೋಟಾ ಒತ್ತಿದವರ ಮತ ಯಾರ ಸೋಲುಗೆಲುವನ್ನೂ ಬದಲಿಸುವುದಿಲ್ಲ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ನೋಟಾ ಒತ್ತಿದರೂ ಆ ಒಬ್ಬರ ಮತ ಪಡೆದ ಅಭ್ಯರ್ಥಿಯೇ ಗೆಲ್ಲುತ್ತಾನೆ. ಆದರೂ ಅದನ್ನು ಗುಟ್ಟಾಗಿ ಒತ್ತುವ ಅವಕಾಶ ಇರಲೇಬೇಕು, ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ನ್ಯಾಯಾಲಯ ಹೇಳಿತು. ಫಲಿತಾಂಶವನ್ನು ಬದಲಿಸಲು ಸಾಧ್ಯವೇ ಇಲ್ಲದ ಮತಕ್ಕೆ ಸಂವಿಧಾನದ ರಕ್ಷಣೆ ಇದ್ದರೆ, ಅಭ್ಯರ್ಥಿಯೊಬ್ಬರನ್ನು ಆರಿಸಿ ಯೋಧ ಕಳಿಸಿದ ಮತ ಫಲಿತಾಂಶವನ್ನು ಬದಲಿಸಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬ ವಾದ ನಿಲ್ಲುವುದಿಲ್ಲ. ಮತ ಆ ವ್ಯಕ್ತಿ ಆಡಿದ ಮಾತು. ಅದನ್ನು ಕೇಳಿಸಿಕೊಳ್ಳುವ ಹೊಣೆ ಆಳುವ ವ್ಯವಸ್ಥೆಯದು.

ಯೋಧರ ಪರವಾಗಿ ನ್ಯಾಯಾಲಯ ಮಧ್ಯೆ ಬಂದದ್ದೂ ಇದೆ. ಶಾಂತ ಪ್ರದೇಶಗಳ ದಂಡುಗಳಲ್ಲಿ ಕುಟುಂಬದೊಂದಿಗೆ ವಾಸವಿರುವ ಯೋಧರು ಅಲ್ಲಿಯೇ ಸಾಮಾನ್ಯ ಮತದಾರರಾಗಿ ಸೇರಿ ಮತಗಟ್ಟೆಗೆ ಹೋಗಲು ಯಾಕೆ ಬಿಡಬಾರದು ಎಂದು ವಕೀಲೆ ನೀಲಾ ಗೋಖಲೆ ಸುಪ್ರೀಂ ಕೋರ್ಟಿಗೆ ಹೋದರು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರೂ ಈ ಬೇಡಿಕೆಗೆ ದನಿಗೂಡಿಸಿದ್ದರು. 2014ರ ಮಾರ್ಚ್ 24ರಂದು ನ್ಯಾಯಾಲಯ ಅದಕ್ಕೆ ಮಧ್ಯಂತರ ಅನುಮತಿ ಕೊಟ್ಟಿತು. ಆ ವರ್ಷದ ಲೋಕಸಭಾ ಚುನಾವಣೆಗೆ ಕರ್ನಾಟಕದಲ್ಲಿ ನಾಮಪತ್ರ ಸಲ್ಲಿಕೆಗೆ ಕೊನೆಯ ದಿನ ಮಾರ್ಚ್ 26. ಆ ದಿನದ ಮೇಲೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ, ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್‌ನಲ್ಲಿ, ಸಾಂಬ್ರಾದ ವಾಯುಪಡೆ ನೆಲೆಯಲ್ಲಿ ಇದ್ದವರಿಗೆ ಆ ಸಲ ಉಳಿದದ್ದು ಎರಡೇ ದಿನ. ಪರಿಹಾರ ಸರಿಯಾದದ್ದೇ, ಬಂದ ಹೊತ್ತು ಮಾತ್ರ ತಡವಾಗಿತ್ತು. ಆದರೂ ಆ ಆದೇಶದ ಬಲದಿಂದ ಮುಂದಿನ ಚುನಾವಣೆಗಳಲ್ಲಿ ಈ ದಾರಿ ತೆರೆದೇ ಇದೆ.

ಆ ಆದೇಶ ಇನ್ನೊಂದು ಪ್ರಶ್ನೆಯನ್ನೂ ಎಬ್ಬಿಸುತ್ತದೆ. ಪುಣೆಯ ದಂಡಿನಲ್ಲಿರುವ ಹುಕ್ಕೇರಿಯ ಯೋಧ ಪುಣೆಯಲ್ಲೇ ಮತ ಹಾಕಿದರೆ ಅವನ ಮತ ಎಣಿಕೆಗೆ ಸಿಗುವುದು ಖಂಡಿತ. ಆದರೆ ಹಿಡಕಲ್ ಜಲಾಶಯದ ನೀರು ತನ್ನ ಹೊಲಕ್ಕೆ ಬರುತ್ತದೋ ಇಲ್ಲವೋ, ಸಂಕೇಶ್ವರದ ಕಾರ್ಖಾನೆ ಕಬ್ಬಿನ ಬಾಕಿ ಯಾವಾಗ ಕೊಡುತ್ತದೆ ಎಂಬುದರ ಬಗ್ಗೆ ಅವನಿಗೆ ಮಾತಿಲ್ಲವಾಗುತ್ತದೆ. ನಿವೃತ್ತಿಯಾದ ಮೇಲೆ ಅವನು ಬಾಳುವುದು ಆ ಹೊಲದ ಮೇಲೆಯೇ. ಊರಿನ ಮತವನ್ನು ಉಳಿಸಿಕೊಂಡರೆ ಅದು ತಲುಪದೆ ಹೋಗುವ ಭಯ. ತಲುಪುವ ಮತ ಬೇಕೆಂದರೆ ಊರನ್ನು ಬಿಡಬೇಕು. ದೇಶ ಕಾಯುವವನ ಮುಂದೆ ಇಂಥ ಆಯ್ಕೆ ಇಡುವುದು ಸರಿಯಲ್ಲ.

ಪರದೇಶದಲ್ಲಿ ದುಡಿಯುವವರಿಗಂತೂ ಈ ಆಯ್ಕೆಯೂ ಇಲ್ಲ. 2010ರ ತಿದ್ದುಪಡಿಯಿಂದ 1950ರ ಕಾಯ್ದೆಗೆ ಬಂದ 20ಎ ಕಲಮಿನ ಪ್ರಕಾರ ಭಾರತದ ಪೌರತ್ವ ಉಳಿಸಿಕೊಂಡವರು 6ಎ ನಮೂನೆ ತುಂಬಿ ಪಾಸ್‌ಪೋರ್ಟಿನಲ್ಲಿರುವ ಊರಿನಲ್ಲಿ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಮೂಲ ಪಾಸ್‌ಪೋರ್ಟ್ ಹಿಡಿದು ಆ ಊರಿನ ಮತಗಟ್ಟೆಗೇ ಬರಬೇಕು. ಅಂಚೆ ಇಲ್ಲ, ಬದಲಿಯೂ ಇಲ್ಲ. ದುಬೈನಲ್ಲಿ ಕೆಲಸ ಮಾಡುವ ಗೋಕಾಕದ ಹುಡುಗ ಒಂದು ಗುಂಡಿ ಒತ್ತಲು ತಿಂಗಳ ಸಂಬಳದ ದೊಡ್ಡ ಪಾಲನ್ನು ವಿಮಾನಕ್ಕೆ ಕೊಡಬೇಕು. 2024ರಲ್ಲಿ ದೇಶದಲ್ಲಿ ಸುಮಾರು 1.19 ಲಕ್ಷ ಸಾಗರೋತ್ತರ ಮತದಾರರು ಪಟ್ಟಿಯಲ್ಲಿದ್ದರು. ಬಂದು ಮತ ಹಾಕಿದವರು ಮೂರು ಸಾವಿರಕ್ಕಿಂತ ಕಡಿಮೆ, ಅವರಲ್ಲೂ ಹೆಚ್ಚಿನವರು ಕೇರಳದವರು.

ಇಷ್ಟು ಬಿಗಿ ಯಾಕೆಂದರೆ ಇಲ್ಲದವರ ಹೆಸರಲ್ಲಿ ಇನ್ನೊಬ್ಬರು ಮತ ಹಾಕುವ ಭಯ. ಆ ಭಯದ ಕಥೆ ಕನ್ನಡಿಗರ ಕಾಸರಗೋಡಿನಲ್ಲೇ ಇದೆ. 2016ರಲ್ಲಿ ಮಂಜೇಶ್ವರದಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಅವರು ಕೆ. ಸುರೇಂದ್ರನ್ ಅವರನ್ನು 89 ಮತಗಳಿಂದ ಸೋಲಿಸಿದರು. ವಿದೇಶದಲ್ಲಿದ್ದವರ ಮತ್ತು ಸತ್ತವರ ಹೆಸರಲ್ಲಿ ಇನ್ನೂರಕ್ಕೂ ಹೆಚ್ಚು ಕಳ್ಳಮತ ಬಿದ್ದಿವೆ ಎಂದು ಸುರೇಂದ್ರನ್ ಕೇರಳ ಹೈಕೋರ್ಟಿಗೆ ಹೋದರು. ಮತದಾರರಿಗೆ ಸಮನ್ಸ್ ಹೋಯಿತು. ಅಂದು ಯಾರು ಎಲ್ಲಿದ್ದರೆಂದು ತಿಳಿಯಲು ಪ್ರಯಾಣದ ದಾಖಲೆಗಳನ್ನು ನೋಡಬೇಕಾಯಿತು. ಸತ್ತಿದ್ದಾರೆಂದು ಹೇಳಲಾಗಿದ್ದವರ ಮನೆಗೆ ಸಮನ್ಸ್ ಹೋದಾಗ ಅವರೇ ಬಂದು ಪಡೆದ ಸುದ್ದಿಯೂ ಬಂತು. ವಿಚಾರಣೆ ಎಳೆಯುತ್ತಲೇ ಇತ್ತು. 2018ರ ಅಕ್ಟೋಬರ್‌ನಲ್ಲಿ ರಝಾಕ್ ತೀರಿಕೊಂಡರು, 2019ರಲ್ಲಿ ಸುರೇಂದ್ರನ್ ಅರ್ಜಿ ಹಿಂಪಡೆದರು. ಗಲ್ಫ್‌ನಲ್ಲಿದ್ದವರು ನಿಜವಾಗಿ ಬಂದಿದ್ದರೋ ಇಲ್ಲವೋ, ಪೂರ್ತಿ ತೀರ್ಮಾನ ಆಗಲೇ ಇಲ್ಲ. ಮತಗಟ್ಟೆಗೆ ಖುದ್ದಾಗಿ ಬರಬೇಕೆಂಬ ನಿಯಮ ಇದ್ದಾಗಲೇ ಎದ್ದ ದೂರು ಇದು. ಖುದ್ದು ಹಾಜರಿ ಕೇಳಿದ ಮಾತ್ರಕ್ಕೆ ಮೋಸದ ಅನುಮಾನ ಹೋಗುವುದಿಲ್ಲ. ಕ್ಯೂಆರ್ ಕೋಡ್ ಇರುವ, ಯಾರಿಗೆ ಹೋಯಿತು ಎಂಬ ದಾಖಲೆ ಇರುವ ಅಂಚೆ ಮತಪತ್ರದಲ್ಲಿ ಅದಕ್ಕಿಂತ ಹೆಚ್ಚು ಜಾಡು ಸಿಗುತ್ತದೆ.

ಪರದೇಶದಲ್ಲಿರುವವರ ಮತಕ್ಕಾಗಿಯೂ ನ್ಯಾಯಾಲಯದ ಬಾಗಿಲು ತಟ್ಟಿದ್ದಾರೆ. ನಾಗೇಂದರ್ ಚಿಂದಂ, ಶಂಶೀರ್ ವಿ.ಪಿ. ಮುಂತಾದವರ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿದ್ದಾಗ, 2014ರಲ್ಲಿ ವಿನೋದ್ ಜುತ್ಶಿ ನೇತೃತ್ವದ ಚುನಾವಣಾ ಆಯೋಗದ ಸಮಿತಿ ವಿದ್ಯುನ್ಮಾನ ಅಂಚೆ ಮತ ಮತ್ತು ಬದಲಿ ಮತಕ್ಕೆ ಶಿಫಾರಸು ಮಾಡಿತು. ಬದಲಿ ಮತದ ಮಸೂದೆ 2018ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಯಿತು, ರಾಜ್ಯಸಭೆ ದಾಟಲಿಲ್ಲ, ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. 2020ರಲ್ಲಿ ಆಯೋಗ ಸೈನಿಕರ ವಿದ್ಯುನ್ಮಾನ ಪದ್ಧತಿಯನ್ನೇ ಇವರಿಗೂ ವಿಸ್ತರಿಸಲು ಸಿದ್ಧ ಎಂದಿತು. ಸರ್ಕಾರ ಪರಿಶೀಲಿಸುತ್ತಿದೆ ಎಂಬ ಭರವಸೆಯ ಮೇಲೆ 2022ರ ನವೆಂಬರ್ 1ರಂದು ಸುಪ್ರೀಂ ಕೋರ್ಟ್ ಅರ್ಜಿಗಳನ್ನು ಮುಕ್ತಾಯಗೊಳಿಸಿತು. ನಂತರದ 2024ರ ಚುನಾವಣೆಯಲ್ಲೂ ಜನ ವಿಮಾನ ಹತ್ತಿಯೇ ಬರಬೇಕಾಯಿತು.

ಬೇರೆ ದೇಶಗಳಲ್ಲೂ ಇದು ಸಲೀಸಾಗಿ ಬಗೆಹರಿದಿಲ್ಲ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಆಂಝಿಯೊದಲ್ಲಿ ಹೋರಾಡಿದ್ದ ಬ್ರಿಟಿಷ್ ಯೋಧ ಹ್ಯಾರಿ ಶಿಂಡ್ಲರ್ ಮುಪ್ಪಿನಲ್ಲಿ ಇಟಲಿಯಲ್ಲೇ ನೆಲೆಸಿದರು. ದೇಶ ಬಿಟ್ಟು 15 ವರ್ಷವಾದವರಿಗೆ ಮತವಿಲ್ಲ ಎಂಬ ಬ್ರಿಟನ್ನಿನ ನಿಯಮದ ವಿರುದ್ಧ ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2013ರಲ್ಲಿ ಸೋತರು. ಸಂಸತ್ತಿನ ಬೆನ್ನು ಬಿಡಲಿಲ್ಲ. 2022ರ ಕಾಯ್ದೆ ಆ ನಿಯಮವನ್ನು ತೆಗೆದುಹಾಕಿತು. ಅದು ಜಾರಿಗೆ ಬಂದದ್ದು 2024ರ ಜನವರಿಯಲ್ಲಿ, ಶಿಂಡ್ಲರ್ ತೀರಿಕೊಂಡದ್ದು 2023ರಲ್ಲಿ, ನೂರು ದಾಟಿದ ಮೇಲೆ.

ಕಲಿಯಬೇಕಾದ ಪಾಠ ಹೆಚ್ಚಿರುವುದು ಅಮೆರಿಕದಲ್ಲಿ. 2009ರ ಅಲ್ಲಿನ ಕಾಯ್ದೆ ಸೈನಿಕರಿಗೂ ಪರದೇಶದಲ್ಲಿರುವವರಿಗೂ ಮತದಾನಕ್ಕೆ 45 ದಿನ ಮುಂಚೆ ಮತಪತ್ರ ಕಳಿಸಲೇಬೇಕೆಂದು ರಾಜ್ಯಗಳಿಗೆ ವಿಧಿಸಿದೆ. ಕಳಿಸದ ರಾಜ್ಯದ ಮೇಲೆ ಯೋಧ ದಾವೆ ಹೂಡಬೇಕಿಲ್ಲ, ಕೇಂದ್ರದ ನ್ಯಾಯ ಇಲಾಖೆಯೇ ಹೂಡುತ್ತದೆ, ಅದೂ ಎಣಿಕೆಗೆ ಮುಂಚೆ. ಅಲಬಾಮ ರಾಜ್ಯದಲ್ಲಿ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಯ ಮೊದಲ ಸುತ್ತಿಗೂ ಎರಡನೇ ಸುತ್ತಿಗೂ ನಡುವೆ 42 ದಿನವಿತ್ತು. ಮೂರು ದಿನ ಕಡಿಮೆ. 2012ರಲ್ಲಿ ಇಲಾಖೆ ದಾವೆ ಹೂಡಿತು, ನ್ಯಾಯಾಲಯ ಅಂತರ ಹೆಚ್ಚಿಸಲು ಆದೇಶಿಸಿತು, 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು. ಯಾರು ಗೆಲ್ಲುತ್ತಿದ್ದರು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮತಪತ್ರ ಹೊತ್ತಿಗೆ ಸರಿಯಾಗಿ ಸಿಗುವುದು ಯೋಧನ ಹಕ್ಕು ಎಂಬುದಷ್ಟೇ ದಾವೆಗೆ ಸಾಕಾಯಿತು.

ನಮ್ಮಲ್ಲಿ ಇದು ಅಸಾಧ್ಯವೇನಲ್ಲ. 2000ದಲ್ಲಿ ಅಶೋಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 329ನೇ ವಿಧಿಯ ತಡೆಯನ್ನು ವಿವರಿಸುತ್ತ, ಚುನಾವಣೆಗೆ ಅಡ್ಡಿಯಾಗುವ ಆದೇಶ ಬೇರೆ, ಚುನಾವಣೆ ಸುಗಮವಾಗಿ ಮುಗಿಯಲು ನೆರವಾಗುವ ಆದೇಶ ಬೇರೆ ಎಂದು ಗುರುತಿಸಿದೆ. ಎರಡನೆಯದಕ್ಕೆ ಹೈಕೋರ್ಟಿನ ಬಾಗಿಲು ಪೂರ್ತಿ ಮುಚ್ಚಿಲ್ಲ. ಮತಪತ್ರ ಕಳಿಸಿಯೇ ಇಲ್ಲ, ಇವತ್ತೇ ಕಳಿಸಿ ಎಂಬ ಆದೇಶ ಯಾವ ಚುನಾವಣೆಯನ್ನೂ ನಿಲ್ಲಿಸುವುದಿಲ್ಲ. ಆದರೆ ಅಂಥ ಅರ್ಜಿಯನ್ನು 18 ದಿನದ ಒಳಗೆ ಲಡಾಖ್‌ನಿಂದ ಧಾರವಾಡ ಪೀಠಕ್ಕೆ ತರುವವರು ಯಾರು? ಕರ್ತವ್ಯದಲ್ಲಿರುವ ಯೋಧನಿಂದ ಆಗದ ಮಾತು. ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಗೋ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ಆ ಹೊಣೆ ವಹಿಸಬಹುದು. ಮಗನಿಗೆ ಮತಪತ್ರ ಬಂದಿಲ್ಲವೆಂದು ತಂದೆ ಹುಕ್ಕೇರಿಯ ತಹಶೀಲ್ದಾರ್ ಕಚೇರಿಯಲ್ಲಿ ಒಂದು ಚೀಟಿ ಕೊಟ್ಟರೆ, ಅದು ಅಲ್ಲಿಂದ ನ್ಯಾಯಾಲಯಕ್ಕೆ ಹೋಗುವ ವ್ಯವಸ್ಥೆ ಇರಬೇಕು.

ಅದಕ್ಕೆ ಮುಂಚೆ ಮಾಡಬಹುದಾದ ಇನ್ನೊಂದು ಕೆಲಸಕ್ಕೆ ಕಾಯ್ದೆಯ ತಿದ್ದುಪಡಿಯೂ ಬೇಡ, ನ್ಯಾಯಾಲಯವೂ ಬೇಡ. 1961ರ ಚುನಾವಣಾ ನಿಯಮಗಳ 27ನೇ ನಿಯಮದಂತೆ ಗಡುವು ಮೀರಿ ಬಂದ ಪ್ರತಿ ಲಕೋಟೆಯ ಮೇಲೂ ಅದು ತಲುಪಿದ ದಿನ, ಗಂಟೆಯನ್ನು ಚುನಾವಣಾಧಿಕಾರಿ ಬರೆಯಬೇಕು, ಎಲ್ಲವನ್ನೂ ಒಟ್ಟಾಗಿ ಒಂದು ಪೊಟ್ಟಣದಲ್ಲಿ ಕಟ್ಟಿಡಬೇಕು. ಅಂದರೆ ಗೋಕಾಕ, ಅರಭಾವಿ, ಹುಕ್ಕೇರಿ, ಯಮಕನಮರಡಿ ಕ್ಷೇತ್ರಗಳಿಗೆ ಎಷ್ಟು ಲಕೋಟೆ ತಡವಾಗಿ ಬಂದವು, ಎಷ್ಟು ದಿನ ತಡವಾಗಿ ಬಂದವು ಎಂಬುದು ಪ್ರತಿ ಚುನಾವಣೆಯಲ್ಲೂ ದಾಖಲಾಗುತ್ತದೆ. ಪಕ್ಷವಾರು ಮತಗಳ ಪಟ್ಟಿಯ ಪಕ್ಕದಲ್ಲೇ ಆ ಸಂಖ್ಯೆಯನ್ನೂ ಆಯೋಗ ಕ್ಷೇತ್ರವಾರು ಪ್ರಕಟಿಸಲಿ. ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ ಬರಬೇಕು. ನಾಮಪತ್ರ ಹಿಂತೆಗೆತಕ್ಕೂ ಎಣಿಕೆಗೂ ನಡುವೆ 19 ದಿನ ಸಾಕೋ ಸಾಲದೋ ಎಂದು ವೇಳಾಪಟ್ಟಿ ಸಿದ್ಧಪಡಿಸುವವರು ಆಗ ಆ ಅಂಕಿಗಳನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಬಹುದು.